ಯುಗಾದಿ ಹೊತ್ತಿಗೆ ಅರಳುವ ಅಪರೂಪದ ಗೆಡ್ಡೆ ಹೂಗಳು: ಮೈಸೂರಲ್ಲಿ ಯಾವುದು ಹಾಕೋದು?

ಕುವೆಂಪುನಗರ ಹಿತ್ತಲು, ನವೆಂಬರ್ 16

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಪೂರ್ವಕ್ಕೆ, ಅಡುಗೆಮನೆ ಕಿಟಕಿಗೂ ಕಾಂಪೌಂಡಿಗೂ ನಡುವೆ 18 ಅಡಿ ಉದ್ದ, 8 ಅಡಿ ಅಗಲದ ಜಾಗ ಇದೆ. ಎರಡು ಬಾಳೆ, ಒಂದು ಹೆಲಿಕೋನಿಯಾ, ಮೂಲೆಯಲ್ಲಿ ಕಪ್ಪು ಕೆಸು. ಬಂದವರೆಲ್ಲ "ಏನಿದು, ಕಾಡು ಮಾಡಿಟ್ಟಿದ್ದೀರಿ" ಅನ್ನುತ್ತಾರೆ. ನನಗೂ ಕಾಡೇ ಬೇಕು. ಆದರೆ "ಇದ್ಯಾವ ದೇಶದ ಹೂವು?" ಅಂತ ನಿಂತು ಕೇಳುವಂಥ ಕಾಡು. ಈಗ ಬರೀ ಎಲೆ ಇದೆ, ಹೂವಿಲ್ಲ.

ಅದಕ್ಕೆ ಗೆಡ್ಡೆ ಹೂಗಳನ್ನು ಹಾಕೋಣ ಅಂದುಕೊಂಡಿದ್ದೇನೆ. ಯುಗಾದಿ ಆಸುಪಾಸಿಗೆ ಶುರುವಾಗಿ ಮುಂಗಾರು ಬರುವವರೆಗೆ ಒಂದಲ್ಲ ಒಂದು ಅರಳುತ್ತಿರಬೇಕು. ಸುಗಂಧರಾಜ ಬಿಟ್ಟು ಬೇರೆ ಹೇಳಿ.

ಟ್ಯೂಲಿಪ್ ಮಾತ್ರ ಅನ್ನಬೇಡಿ. ಹೋದ ವರ್ಷ ಹತ್ತು ಗೆಡ್ಡೆ ತರಿಸಿ ಆರು ವಾರ ಫ್ರಿಜ್ಜಿನಲ್ಲಿಟ್ಟಿದ್ದೆ. ಅತ್ತೆ ಒಂದನ್ನು ಈರುಳ್ಳಿ ಅಂದುಕೊಂಡು ಹುಳಿಗೆ ಸಿಪ್ಪೆ ಸುಲಿದಿದ್ದರು. ಸದ್ಯ, ಹೆಚ್ಚುವ ಮೊದಲು ನೋಡಿದೆ. ಉಳಿದ ಒಂಬತ್ತರಲ್ಲಿ ಎಲೆಯೇನೋ ಬಂತು. ಜನವರಿಯಲ್ಲಿ ಎಲೆ ಬಿಡಿಸಿ ನೋಡಿದರೆ ನಡುವೆ ಕಾಗದದಂಥ ಒಣ ಮೊಗ್ಗು. ಬೆರಳಲ್ಲಿ ಒತ್ತಿದೆ, ಪುಡಿಯಾಯಿತು. ಅಷ್ಟೇ ನನ್ನ ಹಾಲೆಂಡ್.

ಗೆಡ್ಡೆ ಹುಚ್ಚು, ನವೆಂಬರ್ 16

ಆರು ವಾರ ಎಲ್ಲಿ ಸಾಲುತ್ತದೆ ಮೇಡಂ. ಟ್ಯೂಲಿಪ್‌ಗೆ 12ರಿಂದ 16 ವಾರ ತಂಪು ಬೇಕು, ಅದೂ 4ರಿಂದ 7 ಡಿಗ್ರಿಯಲ್ಲಿ. ನಮ್ಮ ಮೈಸೂರಿನ ಜನವರಿ ಬೆಳಗಿನ ಜಾವ 15-16 ಡಿಗ್ರಿ ಇರುತ್ತದೆ. ಟ್ಯೂಲಿಪ್‌ಗೆ ಅದು ಚಳಿಯೇ ಅಲ್ಲ. ಇನ್ನೊಂದು ಕೇಳುತ್ತೇನೆ, ಫ್ರಿಜ್ಜಿನಲ್ಲಿ ಪಕ್ಕದಲ್ಲಿ ಹಣ್ಣು ಇಟ್ಟಿದ್ದಿರಾ?

ಕುವೆಂಪುನಗರ ಹಿತ್ತಲು, ನವೆಂಬರ್ 16

ಸೇಬು ಇತ್ತು ಸರ್. ತರಕಾರಿ ಟ್ರೇನಲ್ಲೇ ಎಲ್ಲ.

ಗೆಡ್ಡೆ ಹುಚ್ಚು, ನವೆಂಬರ್ 17

ಹಾಗಾದರೆ ಅದೂ ಸೇರಿಕೊಂಡಿತು. ಸೇಬು ಮಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಅದು ತಾಗಿದರೆ ಗೆಡ್ಡೆಯೊಳಗಿನ ಮೊಗ್ಗು ಅಲ್ಲೇ ಸುಟ್ಟುಹೋಗುತ್ತದೆ. ಎಲ್ಲ ಸರಿ ಮಾಡಿದ್ದರೂ ಒಂದೇ ವರ್ಷದ ಹೂವು. ಹೂವು ಹೋದ ಮೇಲೆ ಎಲೆ ತಂಪಲ್ಲಿ ಕೆಲವು ವಾರ ನಿಂತು ಗೆಡ್ಡೆಯನ್ನು ಮತ್ತೆ ತುಂಬಿಸಬೇಕು. ನಮ್ಮಲ್ಲಿ ಅಷ್ಟು ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಶ್ರೀನಗರದಲ್ಲಿ ದಾಲ್ ಸರೋವರದ ಪಕ್ಕ ಟ್ಯೂಲಿಪ್ ತೋಟ ನಡೆಯುತ್ತಿರುವುದು ಅಲ್ಲಿ ಚಳಿ ಪುಕ್ಕಟೆ ಸಿಗುವುದರಿಂದ. ದೆಹಲಿಯ ರಸ್ತೆ ಬದಿಯಲ್ಲಿ ಫೆಬ್ರವರಿಯಲ್ಲಿ ಕಾಣುವ ಟ್ಯೂಲಿಪ್‌ಗಳು ಹಾಲೆಂಡಿನಲ್ಲೇ ತಂಪು ತುಂಬಿಸಿಕೊಂಡು ಬಂದ ಗೆಡ್ಡೆಗಳು.

ನಾನು ಇಪ್ಪತ್ತು ವರ್ಷದಿಂದ ಗೆಡ್ಡೆ ಹೂತು ಕಲಿತದ್ದು ಇಷ್ಟು. ಹಾಲೆಂಡಿನ ಗೆಡ್ಡೆಗೆ ಹೂ ಬಿಡಲು ಚಳಿ ಬೇಕು. ನಮಗೆ ಬೇಕಾದ ಗೆಡ್ಡೆ ನೀರಿಲ್ಲದ್ದಕ್ಕೆ ಮಲಗಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಮಳೆ ಇಲ್ಲ ಅನ್ನುವಷ್ಟು ಕಡಿಮೆ. ಆಗ ಎಲೆ ಉದುರಿಸಿ ಮಲಗಿ, ಬಿಸಿಲು ಏರಿದಾಗಲೋ ಅಶ್ವಿನಿ-ಭರಣಿ ಮಳೆಯ ಮೊದಲ ಹನಿಗೋ ಏಳುವಂಥವನ್ನು ಹುಡುಕಿ. ದಕ್ಷಿಣ ಆಫ್ರಿಕಾ, ಬ್ರೆಜಿಲ್, ಥಾಯ್ಲೆಂಡ್, ನಮ್ಮ ಪಶ್ಚಿಮ ಘಟ್ಟ ಎಲ್ಲ ಕಡೆ ಅಂಥವು ಇವೆ.

ಮೊದಲನೆಯದು ನೆಲಸಂಪಿಗೆ. ಹೆಸರು ಕೇಳಿ ಮಾಮೂಲಿ ಅಂದುಕೊಳ್ಳಬೇಡಿ. ಶುಂಠಿ ಜಾತಿಯದು. ಚಳಿಗಾಲದಲ್ಲಿ ಎಲೆ ಪೂರ್ತಿ ಒಣಗಿ ಮಣ್ಣು ಬೋಳಾಗಿರುತ್ತದೆ. ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಎಲೆಯೂ ಇಲ್ಲ, ದಂಟೂ ಇಲ್ಲ, ಸೀದಾ ಮಣ್ಣಿನಿಂದ ಹೂವು ಎದ್ದಿರುತ್ತದೆ. ಮೇಲೆ ಬೆಳ್ಳಗೆ ನೀಳ ಎಸಳು, ಕೆಳಗೆ ನೇರಳೆ ಬಣ್ಣದ ಸೀಳು ನಾಲಿಗೆ. ಯಾರೋ ಆರ್ಕಿಡ್ ಕಿತ್ತು ನೆಲಕ್ಕೆ ಚುಚ್ಚಿ ಹೋದ ಹಾಗೆ. ವಾಸನೆ ನೋಡಬೇಕಾದರೆ ಮಂಡಿಯೂರಿ ಕೂರಬೇಕು. ಒಂದು ಹೂವು ಒಂದೇ ದಿನ, ಆದರೆ ದಿನಾ ಹೊಸದು ಬರುತ್ತಿರುತ್ತದೆ. ಹೂವು ಮುಗಿದ ಮೇಲೆ ಬರುವ ಎಲೆಯೂ ಕಣ್ಣಿಗೆ ಹಬ್ಬ, ಮೇಲೆ ಬೆಳ್ಳಿ ಪಟ್ಟೆ, ಕೆಳಗೆ ನೇರಳೆ. ನಿಮ್ಮ ಬಾಳೆ ನೆರಳಿಗೆ ಹೇಳಿ ಮಾಡಿಸಿದ ಗಿಡ.

ಮಂಡ್ಯ ನಾಲೆ ಬದಿ, ನವೆಂಬರ್ 17

ಅಕ್ಕಾ, ಅಷ್ಟೆಲ್ಲ ಯಾಕೆ, ಒಂದು ಸುವರ್ಣಗೆಡ್ಡೆ ತಂದು ಹಾಕಿ. ತಮಾಷೆ ಅಲ್ಲ.

ನಮ್ಮ ಮನೆಯಲ್ಲಿ ಬಿತ್ತನೆಗೆ ಅಂತ ನಾಲ್ಕು ದೊಡ್ಡ ಗೆಡ್ಡೆ ಅಟ್ಟದ ಮೇಲೆ ಇಟ್ಟು ಮರೆತಿದ್ದೆವು. ಏಪ್ರಿಲ್‌ನಲ್ಲಿ ಮನೆಯೆಲ್ಲ ಸತ್ತ ಇಲಿ ವಾಸನೆ. ಅಪ್ಪ ಹಂಚು ತೆಗೆಸಿ ನೋಡಿದರು. ಅಮ್ಮ ಅಕ್ಕಿ ಮೂಟೆಗಳನ್ನೆಲ್ಲ ಹೊರಗೆ ಹಾಕಿಸಿದರು. ಎರಡನೇ ದಿನ ಟಾರ್ಚ್ ಹಿಡಿದು ಅಟ್ಟ ಹತ್ತಿದರೆ, ಮಣ್ಣೂ ಇಲ್ಲ ನೀರೂ ಇಲ್ಲ, ಗೆಡ್ಡೆಯ ನಡುವಿನಿಂದ ಮೊರದಷ್ಟು ಅಗಲದ ಹೂವು! ಸುತ್ತ ನೆರಿಗೆ ಸೀರೆ ಥರ ಕೆಂಗಂದು ಬಣ್ಣ, ನಡುವೆ ಮಿದುಳಿನ ಹಾಗೆ ಸುಕ್ಕು ಸುಕ್ಕಾದ ಒಂದು ಮುದ್ದೆ. ಅದರೊಳಗೆ ಸಣ್ಣ ಜೀರುಂಡೆಗಳು ಓಡಾಡುತ್ತಿದ್ದವು. ನಮ್ಮಜ್ಜಿ ನೋಡಿ ಕೈಮುಗಿದರು. ಅಪ್ಪ ಎತ್ತಿ ತಿಪ್ಪೆಗೆ ಹಾಕಿದರು.

ಯಾದವಗಿರಿ ತಾರಸಿ, ನವೆಂಬರ್ 17

ನಗು ತಡೆಯಲು ಆಗಲಿಲ್ಲ ಅಣ್ಣ. ಆದರೆ ಇಂಗ್ಲೆಂಡಿನಲ್ಲಿ ಈ 'ಎಕ್ಸಾಟಿಕ್ ಗಾರ್ಡನ್' ಹುಚ್ಚಿನವರು ಇದೇ ಕುಟುಂಬದ ಗೆಡ್ಡೆಗಳನ್ನು ದುಡ್ಡು ಕೊಟ್ಟು ತರಿಸಿ ಕುಂಡದಲ್ಲಿ ಸಾಕುತ್ತಾರೆ. ಕೊಂಜಾಕ್ ಅನ್ನುವುದು ನಮ್ಮ ಸುವರ್ಣಗೆಡ್ಡೆಯ ದಾಯಾದಿ. ವೂಡೂ ಲಿಲ್ಲಿ ಅಂತ ಇನ್ನೊಂದು, ಮೇಜಿನ ಮೇಲೆ ಸುಮ್ನೆ ಇಟ್ಟರೂ ಮಣ್ಣಿಲ್ಲದೆ ಹೂ ಬಿಡುತ್ತದೆ. ಅದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಅವರಿಗೆ ಕೆಸುವಿನ ಎಲೆಯೂ ಎಕ್ಸಾಟಿಕ್. ನಾವು ಪತ್ರೊಡೆ ಮಾಡಿ ತಿನ್ನುತ್ತೇವೆ.

ಬೋಗಾದಿ ಅಮ್ಮ, ನವೆಂಬರ್ 17

ವಾಸನೆ ಎಷ್ಟು ದಿನ ಇರುತ್ತೆ ಅಂತ ಮೊದಲು ಹೇಳಿಬಿಡಿ. ಅವರದ್ದು ಅಡುಗೆಮನೆ ಕಿಟಕಿ ಪಕ್ಕ!

ಗೆಡ್ಡೆ ಹುಚ್ಚು, ನವೆಂಬರ್ 18

ಒಂದೆರಡು ದಿನ ಜೋರು, ಆಮೇಲೆ ಇಳಿಯುತ್ತದೆ. ಕೊಳೆತ ಮಾಂಸ ಅಂದುಕೊಂಡು ಜೀರುಂಡೆ ಬರಲಿ ಅಂತಲೇ ಆ ವಾಸನೆ. ಕಾಂಪೌಂಡಿನ ದೂರದ ಮೂಲೆಗೆ ಹಾಕಿ. ಹೂವು ಬಾರದ ವರ್ಷ ಎಲೆಯೇ ಬರುತ್ತದೆ, ಚುಕ್ಕೆ ಚುಕ್ಕೆ ಕಾಂಡದ ಮೇಲೆ ಕೊಡೆ ಬಿಚ್ಚಿದ ಹಾಗೆ. ನಿಮಗೆ ಬೇಕಾದ ಕಾಡಿನ ಕಳೆ ಅದೊಂದರಿಂದಲೇ ಅರ್ಧ ಬರುತ್ತದೆ. ದೇವರಾಜ ಮಾರ್ಕೆಟ್ಟಿನಲ್ಲಿ ಕೊಳ್ಳುವಾಗ ಹೋಳು ಬೇಡ. ನಡುವಿನ ಮೊಳಕೆ ಗುಳಿ ಚೆನ್ನಾಗಿರುವ ಇಡೀ ಗೆಡ್ಡೆ ಆರಿಸಿ. ಸಣ್ಣ ಗೆಡ್ಡೆ ಹೂ ಕೊಡುವುದಿಲ್ಲ, ಮೂರು-ನಾಲ್ಕು ಕೆಜಿಯದ್ದು ಇರಲಿ.

ನಮ್ಮ ಮಣ್ಣಿನ ಸಸಿ, ನವೆಂಬರ್ 18

ನನಗೆ ಈ 'ಯಾವ ದೇಶದ ಹೂವು' ಅನ್ನಿಸಿಕೊಳ್ಳುವ ಆಸೆಯೇ ಅರ್ಥವಾಗುವುದಿಲ್ಲ. ಕಾವೇರಿ ದಡದಲ್ಲಿ ಬಿಳಿ ಕ್ರೈನಮ್ ಲಿಲ್ಲಿ ತಾನಾಗಿ ಬೆಳೆಯುತ್ತದೆ. ಕಲ್ಲುಗುಡ್ಡಗಳಲ್ಲಿ ಕಾಡು ಈರುಳ್ಳಿ ಇದೆ, ಬೇಸಿಗೆಯಲ್ಲಿ ಎಲೆ ಬರುವ ಮೊದಲೇ ಬೋಳು ಕೋಲಿನಂಥ ಹೂದಂಟು ನೆಲದಿಂದ ಮೇಲೇಳುತ್ತದೆ. ಬೇಲಿಗಳಲ್ಲಿ ಅಗ್ನಿಶಿಖೆ. ಇಷ್ಟಿದ್ದೂ ಬ್ರೆಜಿಲ್ ಯಾಕೆ?

ಯಾದವಗಿರಿ ತಾರಸಿ, ನವೆಂಬರ್ 18

ಸರಿ ಸರ್, ಆದರೆ ಸುಗಂಧರಾಜ ಮೆಕ್ಸಿಕೋದ್ದು. ಗುಲ್‌ಮೊಹರ್ ಮಡಗಾಸ್ಕರ್‌ನದು. ಎರಡನ್ನೂ ತೆಗೆದರೆ ನಮ್ಮ ಮದುವೆ ಮನೆಗೆ ಹೂವಿಲ್ಲ, ಮೇ ತಿಂಗಳಿಗೆ ಬಣ್ಣವಿಲ್ಲ. ಕ್ರುಂಬಿಗಲ್ ಜರ್ಮನಿಯವರು, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ ಬಂದವರು. ಮೈಸೂರು ಸಂಸ್ಥಾನದ ತೋಟಗಳಿಗೆ ರೂಪ ಕೊಟ್ಟು 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು. ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು ಅಂತ ಬೆಂಗಳೂರಿನ ಬೀದಿಗಳಿಗೆ ಬೇರೆ ಬೇರೆ ದೇಶದ ಮರ ಆರಿಸಿದ್ದು ಅವರೇ. ಈ ಮೇಡಂ ಕೇಳುತ್ತಿರುವುದೂ ಅದನ್ನೇ, 18 ಅಡಿಯಲ್ಲಿ.

ನಮ್ಮ ಮಣ್ಣಿನ ಸಸಿ, ನವೆಂಬರ್ 18

ಒಪ್ಪಿದೆ. ಆದರೆ ಒಂದು ಮಾತು. ನಾನು ಹೇಳಿದ ಯಾವುದನ್ನೂ ಗುಡ್ಡದಿಂದಲೋ ಹೊಳೆಯಿಂದಲೋ ಕಿತ್ತು ತರಬೇಡಿ. ಬೀಜದಿಂದ ಮಾಡಿದವರ ಹತ್ತಿರ ತೆಗೆದುಕೊಳ್ಳಿ. ಅಗ್ನಿಶಿಖೆಯನ್ನು ತಮಿಳುನಾಡಿನಲ್ಲಿ ಔಷಧದ ಬೀಜಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ, ಗೆಡ್ಡೆ ಸಿಗುವುದು ಕಷ್ಟವಿಲ್ಲ.

ಬೋಗಾದಿ ಅಮ್ಮ, ನವೆಂಬರ್ 18

ಅಗ್ನಿಶಿಖೆ ಗೆಡ್ಡೆ ವಿಷ ಅಂತ ಯಾರೂ ಹೇಳಲಿಲ್ಲವಲ್ಲ! ನೋಡಲು ಗೆಣಸಿನ ಥರ ಇರುತ್ತದೆ. ಒಳಗೆ ಕೊಲ್ಚಿಸಿನ್ ಇದೆ, ತಿಂದರೆ ಪ್ರಾಣಕ್ಕೇ ಅಪಾಯ. ಈರುಳ್ಳಿ ಥರ ಇರುವ ಲಿಲ್ಲಿ ಗೆಡ್ಡೆಗಳೂ ಒಳ್ಳೆಯವಲ್ಲ, ವಾಂತಿ-ಭೇದಿ ಹಿಡಿಯುತ್ತದೆ. ನಾಯಿ ಇದ್ದರೆ ಇನ್ನೂ ಜೋಪಾನ. ಟ್ಯೂಲಿಪ್ ಹುಳಿಯ ಕಥೆ ಕೇಳಿದ ಮೇಲೆ ಹೇಳುತ್ತಿದ್ದೇನೆ ಮಗಳೇ, ಗೆಡ್ಡೆಗಳನ್ನು ಅಡುಗೆಮನೆಗೆ ತರಲೇಬೇಡ. ಹಳೇ ಶೂ ಡಬ್ಬಿಗೆ ಹಾಕಿ ಮೇಲೆ ದೊಡ್ಡದಾಗಿ ಬರೆದು ಇಡು.

ಕುವೆಂಪುನಗರ ಹಿತ್ತಲು, ನವೆಂಬರ್ 18

ಆಯ್ತಮ್ಮ. ಅತ್ತೆಗೂ ಓದಿ ಹೇಳಿದೆ. "ನಾನೇನು ಕಣ್ಣು ಕಾಣದವಳಾ" ಅಂದರು.

ಯಾದವಗಿರಿ ಅಣ್ಣ, ನಿಮ್ಮ ತಾರಸಿಯಲ್ಲಿ ಏನೇನಿದೆ?

ಯಾದವಗಿರಿ ತಾರಸಿ, ನವೆಂಬರ್ 19

ನನ್ನದು ಹಿಪ್ಪಿಯಾಸ್ಟ್ರಮ್ ಹುಚ್ಚು. ನರ್ಸರಿಯವರು ಲಿಲ್ಲಿ ಅಂತಲೋ ಅಮರಿಲ್ಲಿಸ್ ಅಂತಲೋ ಮಾರುವುದು ಇದನ್ನೇ. ಕೆಂಪು ನೋಡಿ ನೋಡಿ ಸಾಕಾಗಿದ್ದರೆ ಪಪಿಲಿಯೋ ಹಾಕಿ. ದಕ್ಷಿಣ ಬ್ರೆಜಿಲಿನದು. ಕೆನೆ ಬಣ್ಣದ ಮೇಲೆ ಕಡು ಕೆಂಪು ಗೆರೆ, ದೂರದಿಂದ ಚಿಟ್ಟೆ ಕೂತಂತೆ. ಬೇರೆಯವುಗಳಂತೆ ಎಲೆ ಉದುರಿಸುವುದಿಲ್ಲ, ಹಾಗಾಗಿ ಪೂರ್ತಿ ಒಣಗಿಸಬೇಡಿ, ನೀರು ಕಡಿಮೆ ಮಾಡಿ ಸಾಕು. ಬೇರೆ ಜಾತಿಗಳಿಗೆ ಈಗಿನಿಂದ ಎಂಟು-ಹತ್ತು ವಾರ ನೀರು ನಿಲ್ಲಿಸಿ. ಜನವರಿ ಕೊನೆಗೆ ಮತ್ತೆ ಶುರು ಮಾಡಿದರೆ ಆರೆಂಟು ವಾರಕ್ಕೆ ಹೂವು. ನೀವೇ ಲೆಕ್ಕ ಹಾಕಿ, ಯುಗಾದಿ ಹೊತ್ತಿಗೇ ಬರುತ್ತದೆ. ಗೆಡ್ಡೆಯ ಕತ್ತು ಮಣ್ಣಿನ ಮೇಲಿರಬೇಕು. ಪೂರ್ತಿ ಹೂತರೆ ಕೊಳೆಯುತ್ತದೆ.

ಇನ್ನು ನನ್ನ ಪೆದ್ದತನದ ಕಥೆ. ಮೂರು ವರ್ಷದ ಹಿಂದೆ ಒಂದು ಆನ್‌ಲೈನ್ ಅಂಗಡಿಯಲ್ಲಿ ಆಕಾಶ ನೀಲಿ ಅಮರಿಲ್ಲಿಸ್ ಅಂತ ಫೋಟೊ ನೋಡಿ ಆರು ಗೆಡ್ಡೆ ತರಿಸಿದೆ. ಒಂದೂವರೆ ವರ್ಷ ಸಾಕಿದೆ. ಬಂದದ್ದು ಮಾಮೂಲಿ ಕೆಂಪು. ಆರಕ್ಕೆ ಆರೂ! ಆಮೇಲೆ ಓದಿದೆ, ಹಿಪ್ಪಿಯಾಸ್ಟ್ರಮ್‌ನಲ್ಲಿ ಅಂಥ ನೀಲಿ ಇಲ್ಲವೇ ಇಲ್ಲ. 'ನೀಲಿ ಅಮರಿಲ್ಲಿಸ್' ಅನ್ನುವುದು ವರ್ಸ್ಲಿಯಾ ಅಂತ ಬೇರೆಯೇ ಗಿಡ, ಬ್ರೆಜಿಲಿನಲ್ಲಿ ಜಲಪಾತದ ಪಕ್ಕದ ಕಲ್ಲುಬಂಡೆಗಳ ಮೇಲೆ ಬೆಳೆಯುವುದು. ಅದರ ಬಣ್ಣವೂ ತಿಳಿ ನೇರಳೆ. ನೂರಿನ್ನೂರು ರೂಪಾಯಿಗೆ ಸಿಗುವ ವಸ್ತು ಅಲ್ಲ.

ಹಾಗಂತ ವಿದೇಶದಿಂದ ನೀವೇ ಪಾರ್ಸೆಲ್ ತರಿಸಲು ಹೋಗಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಎರಡೂ ಇಲ್ಲದೆ ಬಂದದ್ದು ಕಸ್ಟಮ್ಸ್‌ನಲ್ಲೇ ಉಳಿಯುತ್ತದೆ.

ಮಂಡ್ಯ ನಾಲೆ ಬದಿ, ನವೆಂಬರ್ 19

ಅಣ್ಣ, ನಾನು ಹೋದ ವರ್ಷ ನೆಂಟರ ಮನೆಯಿಂದ ಫುಟ್‌ಬಾಲ್ ಲಿಲ್ಲಿ ಗೆಡ್ಡೆ ತಂದು ಗದ್ದೆ ಮಣ್ಣು ತುಂಬಿ ಹಾಕಿದೆ. ಒಳ್ಳೆ ಮಣ್ಣು, ಭತ್ತ ಚಿನ್ನದ ಹಾಗೆ ಬರುತ್ತದೆ. ಗೆಡ್ಡೆ ಮಾತ್ರ ಒಂದೂ ಏಳಲಿಲ್ಲ. ಅಗೆದು ನೋಡಿದರೆ ಬೆಣ್ಣೆ ಥರ ಮೆತ್ತಗೆ, ನಾತ ಬೇರೆ.

ಗೆಡ್ಡೆ ಹುಚ್ಚು, ನವೆಂಬರ್ 20

ಗದ್ದೆ ಮಣ್ಣು ನೀರು ಹಿಡಿದಿಡಲು ಇರುವುದಪ್ಪ. ಭತ್ತಕ್ಕೆ ಅದೇ ಬೇಕು. ಮಲಗಿರುವ ಗೆಡ್ಡೆಗೆ ಅದೇ ಸಾವು. ಕೆಮ್ಮಣ್ಣು ಎರಡು ಪಾಲು, ದಪ್ಪ ಮರಳು ಒಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು. ಅರ್ಧ ಕಳಿತ ಗೊಬ್ಬರ ಹಾಕಿದರೆ ಗೆಡ್ಡೆ ಬೆಂದುಹೋಗುತ್ತದೆ. ಕುಂಡದ ತೂತು ಮುಚ್ಚದ ಹಾಗೆ ಹಂಚಿನ ಚೂರು ಇಡಿ. ನಿಮ್ಮ ಕಡೆ ನೆಲದಲ್ಲೇ ಹಾಕುವುದಾದರೆ ಪಾತಿಯನ್ನು ಅರ್ಧ ಅಡಿ ಏರಿಸಿ.

ಫುಟ್‌ಬಾಲ್ ಲಿಲ್ಲಿಯನ್ನು ಬಿಡಬೇಡಿ. ಮೇ ಫ್ಲವರ್ ಅನ್ನುವುದೂ ಇದನ್ನೇ. ಆಫ್ರಿಕಾದ ಗಿಡ, ಆದರೆ ಎಷ್ಟು ಹೊಂದಿಕೊಂಡಿದೆ ಅಂದರೆ ಹಳೇ ಮೈಸೂರು ಮನೆಗಳ ಬಾವಿ ಪಕ್ಕ ಹುಡುಕಿದರೆ ಒಂದಾದರೂ ಇರುತ್ತದೆ. ಒಂದು ದಂಟು, ತುದಿಯಲ್ಲಿ ಇನ್ನೂರರವರೆಗೆ ಪುಟ್ಟ ಕೆಂಪು ಹೂ ಸೇರಿ ಒಂದು ಚೆಂಡು. ವರ್ಷಕ್ಕೊಂದೇ ಸಲ, ವಾರ-ಹತ್ತು ದಿನ. ಜಾಗ ಬದಲಿಸಿದರೆ ಕೋಪಿಸಿಕೊಂಡು ಒಂದು ವರ್ಷ ಹೂ ಬಿಡುವುದಿಲ್ಲ. ನನ್ನ ಹತ್ತಿರ ಎಂಟು-ಹತ್ತು ಮರಿ ಗೆಡ್ಡೆ ಇವೆ. ಹಿತ್ತಲು ಮೇಡಂ, ಭಾನುವಾರ ಸರಸ್ವತಿಪುರಂ ಕಡೆ ಬಂದರೆ ತೆಗೆದುಕೊಂಡು ಹೋಗಿ. ನೆಲಸಂಪಿಗೆಯೂ ಕೊಡುತ್ತೇನೆ. ಬದಲಿಗೆ ನಿಮ್ಮ ಕಪ್ಪು ಕೆಸುವಿನ ಒಂದು ಮರಿ ಬೇಕು.

ಬೋಗಾದಿ ಅಮ್ಮ, ನವೆಂಬರ್ 20

ಮಳೆ ಲಿಲ್ಲಿ ಮರೆತಿರಿ. ಬಿಳಿ, ಹಳದಿ, ಗುಲಾಬಿ ಮೂರೂ ಇದ್ದರೆ ಪಾತಿಯ ಅಂಚಿಗೆ ಆಯಿತು. ಮಳೆ ಬಿದ್ದ ಮೂರು-ನಾಲ್ಕು ದಿನಕ್ಕೆ ಎಲ್ಲ ಒಟ್ಟಿಗೆ ಏಳುತ್ತವೆ. ನಲ್ಲಿ ನೀರು ಎಷ್ಟು ಹಾಕಿದರೂ ಆ ಸಂಭ್ರಮ ಬರುವುದಿಲ್ಲ.

ಮತ್ತೆ ಒಂದು ಹುಳು ಇದೆ. ಕಪ್ಪು ಮೈ, ಬಿಳಿ ಚುಕ್ಕೆ. ಮೊದಲು ಎಲೆಯ ಒಳಗೇ ಸುರಂಗ ಕೊರೆದುಕೊಂಡು ತಿನ್ನುತ್ತದೆ, ಹೊರಗೆ ಕಾಣುವುದೇ ಇಲ್ಲ. ಎಲೆ ಬೆಳಕಿಗೆ ಹಿಡಿದರೆ ಒಳಗೆ ಗೆರೆ ಕಾಣುತ್ತದೆ. ಆಗಲೇ ಆ ಎಲೆ ಕತ್ತರಿಸಿ ಹಾಕಬೇಕು. ನಾನು ಒಂದು ವಾರ ಮಗಳ ಮನೆಗೆ ಹೋಗಿ ಬರುವಷ್ಟರಲ್ಲಿ ಇಪ್ಪತ್ತು ಗಿಡ ಕತ್ತಿನವರೆಗೆ ತಿಂದು ಮುಗಿಸಿತ್ತು. ಬೇವಿನ ಎಣ್ಣೆ ಸಣ್ಣ ಹುಳುವಿಗೆ ಮಾತ್ರ. ದೊಡ್ಡವನ್ನು ಕೈಯಲ್ಲಿ ಹಿಡಿದು ಸೋಪಿನ ನೀರಿಗೆ ಹಾಕಬೇಕು. ಬೇರೆ ದಾರಿ ನನಗೆ ಸಿಕ್ಕಿಲ್ಲ.

ಕುವೆಂಪುನಗರ ಹಿತ್ತಲು, ನವೆಂಬರ್ 21

ಎಲ್ಲ ಬರೆದುಕೊಂಡೆ. ಒಂದು ಅನುಮಾನ. ಇವೆಲ್ಲ ನಾಲ್ಕು ತಿಂಗಳು ಮಲಗಿದರೆ ಪಾತಿ ಬೋಳಾಗಿ ಕಾಣಲ್ವಾ?

ಯಾದವಗಿರಿ ತಾರಸಿ, ನವೆಂಬರ್ 21

ಕಾಣುತ್ತದೆ. ಅದಕ್ಕೇ ನಾನು ಗೆಡ್ಡೆಗಳನ್ನು ಪ್ಲಾಸ್ಟಿಕ್ ಕುಂಡದಲ್ಲೇ ಬೆಳೆಸಿ, ಹೂವು ಬರುವಾಗ ಕುಂಡ ಸಮೇತ ಎಲೆ ಗಿಡಗಳ ನಡುವೆ ಇಡುತ್ತೇನೆ. ನಿಮ್ಮದು ನೆಲ, ಕುಂಡವನ್ನು ಅಂಚಿನವರೆಗೆ ಹೂತುಬಿಡಿ. ಹೂವು ಮುಗಿದ ಮೇಲೆ ಎತ್ತಿ ಹಿಂದಕ್ಕೆ. ನೆರಳು ಮೂಲೆಗೆ ಆಮೆಜಾನ್ ಲಿಲ್ಲಿ ಹಾಕಿ. ಅಗಲ ಎಲೆ, ವರ್ಷವಿಡೀ ಹಸಿರು. ಕುಂಡ ಬಿರಿಯುವಷ್ಟು ಗೆಡ್ಡೆ ತುಂಬಿದ ಮೇಲೇ ಚೆನ್ನಾಗಿ ಹೂ ಬಿಡುವುದು, ಬೇಗ ಬಿಡಿಸಬೇಡಿ. ಜೂನ್ ಮೇಲೆ ಥಾಯ್ಲೆಂಡಿನ ಅರಿಶಿನ ಜಾತಿ ಇದೆ, ಸಯಾಮ್ ಟ್ಯೂಲಿಪ್ ಅಂತಾರೆ. ಟ್ಯೂಲಿಪ್ ಆಸೆಯನ್ನು ಅದರಲ್ಲೇ ತೀರಿಸಿಕೊಳ್ಳಿ.

ಕುವೆಂಪುನಗರ ಹಿತ್ತಲು, ಮಾರ್ಚ್ 29

ನಾಲ್ಕು ತಿಂಗಳಾದ ಮೇಲೆ ಬರುತ್ತಿದ್ದೇನೆ. ಪಪಿಲಿಯೋ ಹೂ ಬಿಡಲಿಲ್ಲ, ಎಲೆ ಮಾತ್ರ. ಗೆಡ್ಡೆ ಸಣ್ಣದಿತ್ತು ಅನ್ನಿಸುತ್ತದೆ. ಬಿಳಿ ಹಿಪ್ಪಿಯಾಸ್ಟ್ರಮ್ ಎರಡು ದಂಟು ಕೊಟ್ಟಿತು. ಆದರೆ ನಾನು ಬರೆಯಲು ಬಂದದ್ದು ನೆಲಸಂಪಿಗೆ ಬಗ್ಗೆ. ನಿನ್ನೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆಯಲು ಹೋದ ಅತ್ತೆ ಅಲ್ಲೇ ಕೂಗಿದರು, "ಯಾರೋ ಹೂವು ಕಿತ್ತು ಮಣ್ಣಿಗೆ ಹಾಕಿದ್ದಾರೆ ನೋಡೇ!" ನಾಲ್ಕು ಹೂವು. ನಾನು ಮಂಡಿಯೂರಿ ವಾಸನೆ ನೋಡಿದೆ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಏನು ಕಳೆದುಹೋಯಿತು ಅಂತ ಕೇಳಿದರು.

ನಮ್ಮ ಮಣ್ಣಿನ ಸಸಿ, ಮಾರ್ಚ್ 29

ಅಂತೂ ಮೊದಲು ಕೂಗಿಸಿದ್ದು ನಮ್ಮದೇ ಹೂವು. ನಾನೇನೂ ಹೇಳುವುದಿಲ್ಲ.

ಕುವೆಂಪುನಗರ ಹಿತ್ತಲು, ಮೇ 4

ಮೊನ್ನೆ ಜೋರು ಮಳೆ ಆಯಿತಲ್ಲ. ಮಳೆ ಲಿಲ್ಲಿ ಇವತ್ತು ಹದಿನೇಳು. ಫುಟ್‌ಬಾಲ್ ಲಿಲ್ಲಿ ಒಂದು ಮೂಗು ಹೊರಗೆ ಹಾಕಿದೆ, ಕೆಂಪು ಚುಕ್ಕೆಯ ಕಾಂಡ.

ಈಗ ಮುಖ್ಯ ವಿಷಯ. ಫೆಬ್ರವರಿಯಲ್ಲಿ ತಂದ ಸುವರ್ಣಗೆಡ್ಡೆಯನ್ನು ದೂರದ ಮೂಲೆಗೇ ಹಾಕಿದ್ದೆ. ಮಣ್ಣಿನಿಂದ ಬಂದದ್ದು ಎಲೆಯೋ ಹೂವೋ ಗೊತ್ತಾಗುತ್ತಿಲ್ಲ. ಕುಳ್ಳಗಿದೆ, ದಪ್ಪಗಿದೆ, ತುದಿ ಮೊಂಡು. ನಾಡಿದ್ದು ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ, ನಲವತ್ತು ಜನ ಊಟಕ್ಕೆ.

ಮಂಡ್ಯ ನಾಲೆ ಬದಿ, ಮೇ 4

ಅಕ್ಕಾ, ಮೊಂಡು ತುದಿ ಅಂದರೆ ಹೂವೇ. ಎಲೆಯಾದರೆ ಮೊನಚಾಗಿ ಬರುತ್ತದೆ. ಪೂಜೆ ಮುಂದಕ್ಕೆ ಹಾಕಲು ಆಗುತ್ತಾ?

ಗೆಡ್ಡೆ ಹುಚ್ಚು, ಮೇ 4

ಹೆದರಬೇಡಿ, ಬಿಚ್ಚಿದ ಮೇಲೇ ವಾಸನೆ. ಇಷ್ಟು ಕುಳ್ಳಗಿದ್ದರೆ ಇನ್ನೂ ಕೆಲವು ದಿನ ಇರಬಹುದು. ದಿನಾ ಬೆಳಿಗ್ಗೆ ಅಳತೆ ನೋಡಿ ಇಲ್ಲಿ ಬರೆಯಿರಿ. ಬಿಚ್ಚುವ ಸಂಜೆ ನನಗೊಂದು ಮಾತು ತಿಳಿಸಿ, ಯಾದವಗಿರಿಯವರನ್ನೂ ಕರೆದುಕೊಂಡು ಬರುತ್ತೇನೆ. ಊಟ ಬೇಡ.